ಮಟಾಂಬೆಗೆ ಮೂರು ವಾರದ ಅಂಚೆ

ಮಟಾಂಬೆ ಮಿಷನ್ ಆಸ್ಪತ್ರೆ, ಮಲಾವಿ
೨ ಸೆಪ್ಟೆಂಬರ್ ೨೦೦೮

ಹಿಕ್ಸ್‌ವಿಲ್ಲಿನ ಯಜಮಾನರಿಗೆ,

ಹೊಟ್ಟೆಗೆ ಊಟ ಸೇರುತ್ತಿದೆ, ಸೊಳ್ಳೆಪರದೆ ಕಟ್ಟಿಕೊಂಡೇ ಮಲಗುತ್ತಿದ್ದೇನೆ, ಕುದಿಸಿದ ನೀರನ್ನೇ ಕುಡಿಯುತ್ತಿದ್ದೇನೆ. ನೀವು ಕೇಳುವ ಪ್ರಶ್ನೆಗಳಿಗೆಲ್ಲ ಉತ್ತರವಾಯಿತು. ಇನ್ನು ನನ್ನ ಮಾತು.

ಕಾಗದ ಯಾಕೆ ಎನ್ನಬೇಡಿ. ಇಂಟರ್ನೆಟ್ ಬೇಕೆಂದರೆ ಜಿಲ್ಲಾ ಪಟ್ಟಣಕ್ಕೆ ಹೋಗಬೇಕು. ಫೋನು ಮಾಡಿದರೆ ‘ಕೇಳಿಸ್ತದಾ, ಕೇಳಿಸ್ತದಾ’ ಎನ್ನುವುದರಲ್ಲೇ ಕಾರ್ಡು ಮುಗಿಯುತ್ತದೆ. ಮೊಬೈಲಿನ ಸಣ್ಣ ಸಂದೇಶವೇನೋ ಹೋಗುತ್ತದೆ, ಆದರೆ ಅದರಲ್ಲಿ ಕನ್ನಡ ಮೂಡುವುದಿಲ್ಲ. ನಿಮ್ಮ ಜೊತೆ ಇಂಗ್ಲಿಷಿನಲ್ಲಿ ಮಾತಾಡಿ ನನಗೆ ಅಭ್ಯಾಸವಿಲ್ಲ. ಅಲ್ಲದೆ ಕ್ವೀನ್ಸಿನ ಆಸ್ಪತ್ರೆಯಲ್ಲಿ ಅಷ್ಟು ವರ್ಷ ನಾನು ರಾತ್ರಿಪಾಳಿ ಹೆರಿಗೆ ಮಾಡಿಸಿದೆ, ನೀವು ಹಗಲು ಮ್ಯಾನ್‌ಹಟನ್ನಿಗೆ ಕಮ್ಯೂಟ್ ಮಾಡಿದಿರಿ. ಫ್ರಿಜ್ಜಿನ ಮೇಲೆ ಅಂಟಿಸಿದ ಚೀಟಿಗಳಲ್ಲೇ ಸಂಸಾರ ನಡೆಯಿತು. ಚೀಟಿಗಿಂತ ಉದ್ದವಾದುದನ್ನು ನಿಮಗೆ ಬರೆಯುತ್ತಿರುವುದು ಇದೇ ಮೊದಲು. ನಮ್ಮ ಅನುಷ್ಕಾ ಕಾಲೇಜಿಗೆ ಹೊರಟಳೆಂದು ಒಂದು ವರ್ಷದ ರಜೆ ಹಾಕಿ ಬಂದವಳಿಗೆ ಇದೂ ಒಂದು ಲಾಭ.

ಈಗ ವಿಷಯ. ಇಲ್ಲಿ ಪ್ರತಿ ಹಳ್ಳಿಯಲ್ಲೂ ಒಬ್ಬ ಆರೋಗ್ಯ ಕಾರ್ಯಕರ್ತೆ ಇದ್ದಾಳೆ, ಸಂಬಳವಿಲ್ಲದ ಕೆಲಸ. ಗುಡ್ಡದಾಚೆಯ ಹಳ್ಳಿಯ ಚಿಫುಂಡೊ ಕಳೆದ ವಾರ ಬೆಳಗಿನಿಂದ ಸಂಜೆಯವರೆಗೆ ನಡೆದು ಬಂದಳು, ಒಬ್ಬ ಬಸುರಿಯ ಕಾಲು, ಮುಖ ಊದಿದೆ ಎಂದು ಹೇಳಲು. ಮರುದಿನ ಜೀಪು ಹೋಗುವಷ್ಟರಲ್ಲಿ ತಾಯಿ ಉಳಿದಿದ್ದಳು, ಮಗು ಉಳಿದಿರಲಿಲ್ಲ.

ಆ ಹಳ್ಳಿಯಲ್ಲಿ ಮೊಬೈಲ್ ಸಿಗ್ನಲ್ ಇದೆ. ಚಿಫುಂಡೊಳ ಅಣ್ಣನ ಹತ್ತಿರ ಫೋನೂ ಇದೆ, ಕಾರಿನ ಬ್ಯಾಟರಿಯಿಂದ ಚಾರ್ಜ್ ಮಾಡುತ್ತಾನೆ. ಅವಳು ನಡೆಯುವ ಬದಲು ಒಂದು ಸಾಲು ಕಳಿಸಿದ್ದರೆ? ಆದರೆ ಯಾರಿಗೆ ಕಳಿಸುವುದು, ಯಾರು ನೋಡುವುದು, ಯಾರು ನೆನಪಿಡುವುದು? ನೀವು ಬ್ಯಾಂಕಿನಲ್ಲಿ ದಿನವಿಡೀ ಮಾಡುವುದು ಇದೇ ಅಲ್ಲವೇ, ಒಂದು ಕಡೆಯ ಸಂದೇಶ ಇನ್ನೊಂದು ಕಡೆಗೆ ತಪ್ಪದೆ ತಲುಪಿಸುವುದು? ನಮಗೂ ಒಂದು ಮಾಡಿಕೊಡಿ. ಅವಸರವಿಲ್ಲ, ಬಿಡುವಾದಾಗ.

ಜಯಂತಿ

*

ಹಿಕ್ಸ್‌ವಿಲ್, ನ್ಯೂಯಾರ್ಕ್
೬ ಅಕ್ಟೋಬರ್ ೨೦೦೮

ಜಯಂತಿಗೆ,

ನಿನ್ನ ಕಾಗದ ಬಂತು. ಕೇಳಿದ್ದನ್ನು ಮಾಡಿದ್ದೇನೆ. ಇದರೊಳಗಿನ ಪೆನ್ ಡ್ರೈವಿನಲ್ಲಿದೆ. ಕೆಲಸ ಕಷ್ಟದ್ದಲ್ಲ. ಒಂದು ಹಳೆಯ ಲ್ಯಾಪ್‌ಟಾಪ್ ಸಾಕು, ಅದಕ್ಕೆ ಕೇಬಲ್ಲಿನಿಂದ ಒಂದು ಮೊಬೈಲ್ ಕಟ್ಟಬೇಕು. ಹಳ್ಳಿಯಿಂದ ಬಂದ ಸಂದೇಶ ಯಾರದು, ಯಾವ ಊರಿನದು, ಉತ್ತರ ಹೋಯಿತೋ ಇಲ್ಲವೋ, ಎಲ್ಲ ಪರದೆಯ ಮೇಲೆ ಕಾಣುತ್ತದೆ. ಅಲ್ಲಿಂದಲೇ ಉತ್ತರಿಸಬಹುದು. ಇಂಟರ್ನೆಟ್ ಬೇಡ. ಕರೆಂಟು ಹೋದರೆ ಲ್ಯಾಪ್‌ಟಾಪು ಸೋಲಾರ್ ಬ್ಯಾಟರಿಯಲ್ಲಿ ನಡೆಯಲಿ, ಫೋನನ್ನು ಆರಿಸಬೇಡಿ.

ನೀನು ರೇಡಿಯೊದಲ್ಲಿ ಕೇಳಿರಬಹುದು, ಇಲ್ಲಿ ಬ್ಯಾಂಕುಗಳು ಮಗುಚುತ್ತಿವೆ. ರೈಲಿನಲ್ಲಿ ಯಾರೂ ಮಾತಾಡುತ್ತಿಲ್ಲ. ನಮ್ಮಲ್ಲಿಯೂ ಗಲಿಬಿಲಿ ಇದೆ. ಪಕ್ಕದ ಮೇಜಿನ ವಿನಾಯಕನನ್ನು ಕೆಲಸದಿಂದ ತೆಗೆದರು, ಪೆಟ್ಟಿಗೆ ಹಿಡಿದು ಲಿಫ್ಟಿಗೆ ಕಾಯುತ್ತ ನಿಂತಿದ್ದ. ನನ್ನ ಬಗ್ಗೆ ಚಿಂತೆ ಬೇಡ. ಹೇಗೋ ಸಮಯ ಸಿಗುತ್ತದೆ.

ಸಾರು ಮಾಡಲು ಕಲಿತೆ. ಹುಳಿ ಹೆಚ್ಚಾಗುತ್ತದೆ. ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ನಳಿನಾಕ್ಷಿ ಆಂಟಿ ಸಿಕ್ಕಿದ್ದರು, ‘ಜಯಂತಿ ಬರುದು ಯಾವಾಗ ಮಾರಾಯ್ರೆ?’ ಅಂದರು. ಜೂನ್ ಅಂದೆ. ‘ಒಂದು ವರ್ಷ ಹೇಗೆ ಕಳಿತೀರಿ?’ ಅಂದರು. ಕಳೆಯುತ್ತದೆ ಅಂದೆ.

ರಘುರಾಮ

*

ಮಟಾಂಬೆ
೧೨ ನವೆಂಬರ್ ೨೦೦೮

ಯಜಮಾನರೇ,

ಕಾಗದ ತಲುಪಿದ ವಾರದೊಳಗೆ ಹೇಗೆ ಮಾಡಿ ಕಳಿಸಿದಿರಿ? ನಿದ್ದೆ ಬಿಟ್ಟಿದ್ದೀರಿ ಎಂದು ಕಾಣುತ್ತದೆ. ರಾತ್ರಿ ರೈಲಿನಿಂದಿಳಿದು ಮತ್ತೆ ಕಂಪ್ಯೂಟರ್ ಮುಂದೆ ಕೂರಬೇಡಿ.

ಆದರೂ ಹೇಳದೆ ಇರಲಾರೆ, ಅದು ನಡೆಯುತ್ತಿದೆ. ಇಲ್ಲಿಯ ಡಾಕ್ಟರು ವಾರದ ಅರ್ಧ ಪಟ್ಟಣದಲ್ಲಿರುತ್ತಾರೆ. ಆಗ ಆಸ್ಪತ್ರೆ ನೋಡಿಕೊಳ್ಳುವವನು ಫಿರಿ ಎಂಬ ವೈದ್ಯಕೀಯ ಸಹಾಯಕ, ಅನುಷ್ಕಾಗಿಂತ ಹತ್ತು ವರ್ಷ ದೊಡ್ಡವನಿರಬಹುದು, ನಗುವುದು ಕಡಿಮೆ. ಅವನೂ ನಾನೂ ಕೂತು ಎಲ್ಲ ಜೋಡಿಸಿದೆವು. ಕಾರ್ಯಕರ್ತೆಯರನ್ನು ಕರೆದು ಫೋನು ಕೊಟ್ಟೆವು. ಕೆಲವರು ಫೋನನ್ನು ಕೈಯಲ್ಲಿ ಹಿಡಿದಿರಲೇ ಇಲ್ಲ. ಚಿಫುಂಡೊ ಮಾತ್ರ ಎಲ್ಲರಿಗಿಂತ ಮೊದಲು ಕಲಿತು, ಅಂಗಳದ ಆ ತುದಿಗೆ ಹೋಗಿ ನಿಂತು ಒಂದು ಸಂದೇಶ ಕಳಿಸಿದಳು. ‘ಚಿಫುಂಡೊ ಇಲ್ಲಿದ್ದಾಳೆ’ ಎಂದು ಪರದೆಯ ಮೇಲೆ ಮೂಡಿತು. ಫಿರಿ ನಕ್ಕ.

ಈಗ ಹಳ್ಳಿಗಳಿಂದ ದಿನವೂ ಸಂದೇಶ ಬರುತ್ತದೆ, ತಪ್ಪುತಪ್ಪು ಇಂಗ್ಲಿಷಿನಲ್ಲಿ. ಕ್ಷಯದವನ ಮಾತ್ರೆ ಮುಗಿದಿದೆ. ಮಗುವಿಗೆ ಜ್ವರ ಇಳಿದಿಲ್ಲ, ಏನು ಮಾಡಲಿ? ಫಿರಿ ಅಲ್ಲಿಂದಲೇ ಉತ್ತರಿಸುತ್ತಾನೆ. ಮೊದಲು ಊರೂರು ಸುಮ್ಮನೆ ಅಲೆಯುತ್ತಿದ್ದ ಜೀಪು ಈಗ ಬೇಕಾದ ಮನೆಗೆ ಹೋಗಿ ಬರುತ್ತದೆ. ಬಂದ ಸಂದೇಶಗಳನ್ನೆಲ್ಲ ಪೆನ್ ಡ್ರೈವಿನಲ್ಲಿ ಹಾಕಿ ಕಳಿಸುತ್ತಿದ್ದೇನೆ, ನೀವೇ ನೋಡಿ.

ಕ್ರಿಸ್‌ಮಸ್ಸಿಗೆ ಎರಡು ವಾರ ಬಂದು ಹೋಗಬೇಕು ಎಂದಿದ್ದೆ. ಆದರೆ ನಿಮ್ಮ ಕಾಗದದಲ್ಲಿ ಎಷ್ಟು ಉತ್ಸಾಹವಿದೆ ಎಂದರೆ, ಈಗ ನಾನು ಬಂದು ಕೂತರೆ ನಿಮ್ಮ ಕೆಲಸ ನಿಂತೀತು ಅನಿಸಿತು. ಬೇಡ ಬಿಡಿ. ಜೂನ್ ಹತ್ತಿರವೇ ಇದೆ.

ಜಯಂತಿ

*

ಹಿಕ್ಸ್‌ವಿಲ್
೭ ಡಿಸೆಂಬರ್ ೨೦೦೮

ಜಯಂತಿಗೆ,

ಕ್ರಿಸ್‌ಮಸ್ಸಿಗೆ ಬರದಿರುವುದು ಒಳ್ಳೆಯ ನಿರ್ಧಾರ. ಟಿಕೆಟ್ಟು ದುಬಾರಿ, ಚಳಿಯೂ ಜೋರು.

ಥ್ಯಾಂಕ್ಸ್‌ಗಿವಿಂಗಿಗೆ ಅನುಷ್ಕಾ ಬಂದಿದ್ದಳು. ನಿನ್ನ ಕೋಣೆಯ ಕಿಟಕಿ ಪರದೆ ತೊಳೆದು ಹಾಕಿದೆವು. ಅವಳು ಹೋದ ಮೇಲೆ ಸಂದೇಶಗಳನ್ನೆಲ್ಲ ಓದಿದೆ. ಅಲ್ಲಿಯ ಹೆಸರುಗಳು ನನಗೆ ಪರಿಚಯವಾಗಿಬಿಟ್ಟಿವೆ. ಮಾತ್ರೆ ಮುಗಿದಿದ್ದ ಆ ಕ್ಷಯದವನಿಗೆ ಆಮೇಲೆ ಮಾತ್ರೆ ಸಿಕ್ಕಿತೇ?

ನಾನು ಗಮನಿಸಿದ ತೊಂದರೆ ಇದು. ಸಂದೇಶ ಹೆಚ್ಚಾದಂತೆ ನಮಸ್ಕಾರ, ಹಬ್ಬದ ಶುಭಾಶಯ, ‘ಮಳೆ ಬಂತು’ ಎನ್ನುವುದೂ ಬರುತ್ತಿದೆ. ಇವುಗಳ ನಡುವೆ ಜರೂರಿನದು ಮುಚ್ಚಿಹೋಗುತ್ತದೆ. ಆದ್ದರಿಂದ ಹೊಸ ನಿಯಮ ಹಾಕಿದ್ದೇನೆ. ಅಪಾಯವಿದ್ದರೆ ಸಂದೇಶ ‘ರೆಡ್’ ಎಂಬ ಪದದಿಂದ ಆರಂಭವಾಗಬೇಕು. ಆಗ ಲ್ಯಾಪ್‌ಟಾಪಿನಲ್ಲಿ ಗಂಟೆ ಬಾರಿಸುತ್ತದೆ, ಯಾರಾದರೂ ಬಂದು ನಿಲ್ಲಿಸುವವರೆಗೆ. ಉಳಿದವು ಸದ್ದಿಲ್ಲದೆ ಪಕ್ಕದ ಪೆಟ್ಟಿಗೆಗೆ ಹೋಗುತ್ತವೆ, ಬಿಡುವಾದಾಗ ಓದಬಹುದು. ಎಲ್ಲರಿಗೂ ಕಲಿಸು.

ಇದನ್ನೆಲ್ಲ ಬುಧವಾರ ಫ್ಲಶಿಂಗ್ ದೇವಸ್ಥಾನದ ಕ್ಯಾಂಟೀನಿನಲ್ಲಿ ಕೂತು ಬರೆದೆ. ಒಂದು ದೋಸೆ ತೆಗೆದುಕೊಂಡರೆ ಎಷ್ಟು ಹೊತ್ತು ಕೂತರೂ ಏಳು ಎನ್ನುವವರಿಲ್ಲ. ಮನೆಯಲ್ಲಿ ಹಗಲು ತುಂಬ ಉದ್ದ.

ರಘುರಾಮ

*

ಮಟಾಂಬೆ
೧೯ ಫೆಬ್ರವರಿ ೨೦೦೯

ನಿಮಗೆ,

ಮಳೆ ಬಿಡುತ್ತಿಲ್ಲ. ಸೇತುವೆ ಹೋಗಿ ಅಂಚೆಯೂ ನಿಂತಿತ್ತು, ಅದಕ್ಕೇ ತಡ.

ಒಂದು ಬದಲಾವಣೆ ಬೇಕು. ‘ರೆಡ್’ ಎಂದು ಇರಲಿ, ಇಲ್ಲದಿರಲಿ, ಯಾರೂ ಓದದ ಯಾವ ಸಂದೇಶವಿದ್ದರೂ ಗಂಟೆ ಬಾರಿಸಬೇಕು. ಬೇಗ ಮಾಡಿ ಕಳಿಸಿ.

ಬುಧವಾರ ಫ್ಲಶಿಂಗಿಗೆ ಹೇಗೆ ಹೋದಿರಿ, ರಜೆಯಿತ್ತೇ?

ಬರೆಯಲು ಕೈ ಬರುತ್ತಿಲ್ಲ. ಇನ್ನೊಮ್ಮೆ ಬರೆಯುತ್ತೇನೆ.

ಜಯಂತಿ

*

ಹಿಕ್ಸ್‌ವಿಲ್
೧೨ ಮಾರ್ಚ್ ೨೦೦೯

ಜಯಂತಿಗೆ,

ಎರಡು ತಿಂಗಳು ಮೇಲ್‌ಬಾಕ್ಸ್ ನೋಡಿ ನೋಡಿ, ಕೊನೆಗೆ ಬಂದ ಕಾಗದದಲ್ಲಿ ಅರ್ಧ ಪುಟವೂ ಇರಲಿಲ್ಲ. ಕೆಲಸ ಹೆಚ್ಚಿರಬೇಕು. ಇರಲಿ.

ನೀನು ಕೇಳಿದ ಬದಲಾವಣೆ ಮಾಡುವುದು ಸರಿಯಲ್ಲ. ಇದು ನನ್ನ ವೃತ್ತಿ, ಸ್ವಲ್ಪ ಕೇಳು. ಪ್ರತಿಯೊಂದಕ್ಕೂ ಗಂಟೆ ಬಾರಿಸಿದರೆ ಒಂದು ವಾರದಲ್ಲಿ ನಿಮಗೆಲ್ಲ ಗಂಟೆ ಕೇಳಿಸುವುದೇ ನಿಂತುಹೋಗುತ್ತದೆ. ಶುಭಾಶಯಕ್ಕೂ ಓಡಿ ಬಂದವನು ಮೂರನೆಯ ಸಲ ಎದ್ದು ಬರುವುದಿಲ್ಲ. ಬ್ಯಾಂಕಿನಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ತಪ್ಪು ಯಂತ್ರದಲ್ಲಿಲ್ಲ, ಬಳಸುವ ಶಿಸ್ತಿನಲ್ಲಿದೆ. ಮೊದಲು ‘ರೆಡ್’ ಎಂದು ಬರೆಯಬೇಕು, ಒಂದೇ ಪದ. ಅದನ್ನು ಅವರಿಗೆ ಇನ್ನೊಮ್ಮೆ ಚೆನ್ನಾಗಿ ಕಲಿಸು.

ಆ ಬುಧವಾರ ಮನೆಯಿಂದ ಕೆಲಸ ಮಾಡುವ ದಿನವಾಗಿತ್ತು.

ಹಿತ್ತಲಿನ ಹಿಮ ಕರಗಿತು. ನೀನು ನೆಟ್ಟ ಪುದೀನ ಮತ್ತೆ ಚಿಗುರುವಂತೆ ಕಾಣುತ್ತದೆ.

ರಘುರಾಮ

*

ಮಟಾಂಬೆ
೪ ಏಪ್ರಿಲ್ ೨೦೦೯

ನಿಮಗೆ,

ಹೇಳಬಾರದು ಎಂದುಕೊಂಡಿದ್ದೆ. ಈಗ ಹೇಳದೆ ವಿಧಿಯಿಲ್ಲ.

ಎಸ್ತೆಲೆ ಎಂಬವಳು ಚಿಫುಂಡೊಳ ಪಕ್ಕದ ಮನೆಯವಳು. ನಾಲ್ಕನೆಯ ಹೆರಿಗೆ. ಜನವರಿಯ ಕೊನೆಯ ಒಂದು ರಾತ್ರಿ, ಜೋರು ಮಳೆಯಲ್ಲಿ, ಮನೆಯಲ್ಲೇ ಹೆತ್ತಳು. ಮಗು ಬಂದ ಮೇಲೆ ರಕ್ತ ನಿಲ್ಲಲಿಲ್ಲ. ಚಿಫುಂಡೊ ಸಂದೇಶ ಕಳಿಸಿದಳು. ಅವಳು ಬರೆದದ್ದು ಎರಡು ಪದ, ಅವರ ಭಾಷೆಯಲ್ಲಿ, ‘ಮಗಾಜಿ ಅಂಬಿರಿ’. ತುಂಬ ರಕ್ತ ಎಂದರ್ಥ. ‘ರೆಡ್’ ಎಂದು ಬರೆಯಲು ಅವಳಿಗೆ ಗೊತ್ತಿತ್ತು, ನಾನೇ ಕಲಿಸಿದ್ದೆ. ಆದರೆ ಕಣ್ಣೆದುರು ಗೆಳತಿಯ ರಕ್ತ ಹರಿಯುವಾಗ ಇಂಗ್ಲಿಷಿನ ಪದ ಯಾರಿಗೆ ನೆನಪಾಗುತ್ತದೆ?

ಸಂದೇಶ ಬಂತು. ಸದ್ದಿಲ್ಲದೆ ಪಕ್ಕದ ಪೆಟ್ಟಿಗೆಗೆ ಹೋಗಿ ಕೂತಿತು. ನಾನು ಗೋಡೆಯ ಈಚೆಯ ವಾರ್ಡಿನಲ್ಲಿ ಬಟ್ಟೆ ಮಡಚುತ್ತಿದ್ದೆ. ಬೆಳಿಗ್ಗೆ ಫಿರಿ ನೋಡಿದ. ಜೀಪು ಕೆಸರಿನಲ್ಲಿ ತಳ್ಳಿಸಿಕೊಂಡು ಹೋಗಿ ಮುಟ್ಟಿದಾಗ ಎಲ್ಲ ಮುಗಿದಿತ್ತು. ಮಗು ಬದುಕಿದೆ, ಹೆಣ್ಣು.

ಚಿಫುಂಡೊ ಬಾಗಿಲ ಹೊರಗೆ ದಾರಿಯ ಕಡೆ ಮುಖ ಮಾಡಿ ಕೂತಿದ್ದಳು. ಜೀಪು ಬರುತ್ತದೆ ಎಂದು ಎಸ್ತೆಲೆಗೂ ಹೇಳಿದ್ದಳಂತೆ, ಕೊನೆಯವರೆಗೂ ಹೇಳುತ್ತಲೇ ಇದ್ದಳಂತೆ. ನನ್ನನ್ನು ಬೈಯಲಿಲ್ಲ. ‘ನೀವು ಓದಲಿಲ್ಲವೇ?’ ಎಂದು ಕೇಳಿದಳು, ಅಷ್ಟೇ.

ನೀವು ದಣಿದು ಬಂದು, ನಿದ್ದೆ ಬಿಟ್ಟು ಇದನ್ನು ಮಾಡುತ್ತಿದ್ದೀರಿ ಎಂದು, ನಿಮ್ಮ ತಲೆಯ ಮೇಲೆ ಇದನ್ನು ಹಾಕಲು ಮನಸ್ಸಾಗಲಿಲ್ಲ. ಶಿಸ್ತಿನ ಮಾತು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಬದಲಾಯಿಸಿ.

ಜಯಂತಿ

*

ಹಿಕ್ಸ್‌ವಿಲ್
೨೯ ಏಪ್ರಿಲ್ ೨೦೦೯

ಪ್ರೀತಿಯ ಜಯಂತಿ,

ನಿನ್ನ ಕಾಗದ ಬಂದ ದಿನವೇ ಬದಲಾಯಿಸಿದೆ. ಅಂಚೆಗೆ ಕಾಯುವುದು ಬೇಡವೆಂದು ಫಿರಿಗೆ ಇಮೇಲಿನಲ್ಲಿ ಕಳಿಸಿದ್ದೇನೆ. ಪಟ್ಟಣಕ್ಕೆ ಹೋಗಿ ಇಳಿಸಿಕೊಳ್ಳಲು ಅವನಿಗೆ ಸಂದೇಶವನ್ನೂ ಹಾಕಿದ್ದೇನೆ, ಇದು ತಲುಪುವ ಮೊದಲೇ ಆಗಿರುತ್ತದೆ. ಇನ್ನು ಯಾರೂ ಯಾವ ಪದವನ್ನೂ ನೆನಪಿಡಬೇಕಾಗಿಲ್ಲ. ಯಾವ ಭಾಷೆಯಲ್ಲಿ ಬರೆದರೂ, ಖಾಲಿ ಸಂದೇಶವೇ ಬಂದರೂ, ಒಬ್ಬ ಮನುಷ್ಯ ಓದುವವರೆಗೆ ಗಂಟೆ ನಿಲ್ಲುವುದಿಲ್ಲ. ‘ಓದಿದೆವು’ ಎಂದು ಕಳಿಸಿದವರಿಗೆ ಕೂಡಲೇ ಉತ್ತರವೂ ಹೋಗುತ್ತದೆ. ಕಾಯುವವರಿಗೆ ಅದು ತಿಳಿಯಬೇಕು. ಇದು ಮೊದಲೇ ನನಗೆ ಹೊಳೆಯಬೇಕಿತ್ತು.

ಎಸ್ತೆಲೆಯ ಬಗ್ಗೆ ಏನು ಬರೆಯಲಿ? ಮೂರು ದಿನ ಪೆನ್ನು ಹಿಡಿದು ಕೂತೆ.

ನೀನು ತಿಳಿದಂತೆ ನಾನು ದಣಿದು ಬಂದು ಇದನ್ನು ಮಾಡುತ್ತಿರಲಿಲ್ಲ. ವಿನಾಯಕನನ್ನು ತೆಗೆದ ದಿನವೇ ನನ್ನನ್ನೂ ತೆಗೆದರು. ಲಿಫ್ಟಿಗೆ ಪೆಟ್ಟಿಗೆ ಹಿಡಿದು ಇಬ್ಬರೂ ನಿಂತಿದ್ದೆವು. ಅಂದಿನಿಂದ ಮನೆಯಲ್ಲೇ ಇದ್ದೇನೆ. ನಿನ್ನ ಮೊದಲ ಕಾಗದ ಬಂದದ್ದು ಅದರ ಮುಂದಿನ ವಾರ. ಮುಳುಗುವವನಿಗೆ ಹಗ್ಗ ಎಸೆದಂತೆ ಬಂತು. ಬೆಳಿಗ್ಗೆ ಏಳಲು ನನಗೆ ಅದೊಂದೇ ಕಾರಣವಾಗಿತ್ತು. ಹೇಳಿದರೆ ನೀನು ಎಲ್ಲ ಬಿಟ್ಟು ಬಂದುಬಿಡುತ್ತೀ ಎಂದು ಹೇಳಲಿಲ್ಲ. ಕನಿಕರಕ್ಕೆ ನೀನು ಬರುವುದು ನನಗೆ ಬೇಡವಾಗಿತ್ತು.

ಅನುಷ್ಕಾಗೆ ಥ್ಯಾಂಕ್ಸ್‌ಗಿವಿಂಗಿನಲ್ಲೇ ಗೊತ್ತಾಯಿತು. ಹೇಳಬೇಡ ಎಂದು ಮಾತು ತೆಗೆದುಕೊಂಡಿದ್ದೆ. ಭಾನುವಾರ ಬಂದವಳು ನಿನ್ನ ಕಾಗದ ಹಿಡಿದು ಕೂತಿದ್ದ ನನ್ನನ್ನು ನೋಡಿ ಅಂದಳು, ‘ಡ್ಯಾಡ್, ಶೀ ಟೋಲ್ಡ್ ಯೂ ಹರ್ಸ್. ನೌ ಯೂ ಟೆಲ್ ಹರ್ ಯುವರ್ಸ್.’ ಅದಕ್ಕೆ ಬರೆಯುತ್ತಿದ್ದೇನೆ.

ಆ ಮಗುವಿಗೆ ಹೆಸರಿಟ್ಟಿದ್ದಾರೆಯೇ?

ರಘುರಾಮ

*

ಮಟಾಂಬೆ
೨೧ ಮೇ ೨೦೦೯

ನಿಮಗೆ,

ನಿಮ್ಮ ಮೇಲೆ ಸಿಟ್ಟು ಬಂತು, ಅಳುವೂ ಬಂತು. ಕಾಗದ ಹಿಡಿದುಕೊಂಡೇ ಹೆರಿಗೆ ಕೋಣೆಗೆ ಹೋಗಿ, ಕೆಲಸ ಮುಗಿಸಿ ಬಂದು ಮತ್ತೆ ಓದಿದೆ. ನೀವು ಒಬ್ಬರೇ ಆ ಮನೆಯಲ್ಲಿ ಹಗಲೆಲ್ಲ ಕೂತಿದ್ದಿರಿ. ನಾನು ಇಲ್ಲಿಂದ ನಿದ್ದೆಗೆಡಬೇಡಿ ಎಂದು ಬುದ್ಧಿ ಹೇಳುತ್ತಿದ್ದೆ.

ಎಸ್ತೆಲೆಯನ್ನು ನೀವೊಬ್ಬರೇ ಹೊರಬೇಡಿ. ಆ ಪದ ಕಲಿಸಿದವಳು ನಾನು. ಅವರವರ ಭಾಷೆಯಲ್ಲಿ ಬರೆಯಲಿ ಎಂದು ನನಗಾದರೂ ತೋಚಬೇಕಿತ್ತಲ್ಲ. ಮಗುವನ್ನು ಚಿಫುಂಡೊ ಸಾಕುತ್ತಿದ್ದಾಳೆ. ತಾಯಿಯ ಹೆಸರನ್ನೇ ಇಟ್ಟಿದ್ದಾರೆ.

ಹೊಸ ಗಂಟೆ ನಿಜಕ್ಕೂ ತಲೆ ತಿನ್ನುತ್ತದೆ, ನೀವು ಹೇಳಿದ್ದು ಸುಳ್ಳಲ್ಲ. ಫಿರಿ ಸರದಿ ಹಾಕಿದ್ದಾನೆ, ಯಾವಾಗಲೂ ಒಬ್ಬರು ಅದರ ಹತ್ತಿರ ಇರುತ್ತಾರೆ. ಕಳೆದ ವಾರ ಮತ್ತೆ ಚಿಫುಂಡೊಳ ಹಳ್ಳಿಯಿಂದಲೇ ಬಂತು, ಹದಿನೆಂಟರ ಹುಡುಗಿ, ಮಗು ಅಡ್ಡ ತಿರುಗಿತ್ತು. ‘ಓದಿದೆವು, ಜೀಪು ಹೊರಟಿದೆ’ ಎಂದು ಉತ್ತರ ಹೋಯಿತು. ತಾಯಿ ಮಗು ಇಬ್ಬರೂ ಈಗ ನನ್ನ ವಾರ್ಡಿನಲ್ಲಿದ್ದಾರೆ.

ಇನ್ನೊಂದು ಮಾತು. ನನ್ನ ವರ್ಷ ಜೂನಿನಲ್ಲಿ ಮುಗಿಯುತ್ತದೆ. ಇನ್ನೊಂದು ವರ್ಷ ಇರಿ ಎಂದು ಕೇಳುತ್ತಿದ್ದಾರೆ. ಸುತ್ತಲಿನ ಹಳ್ಳಿಗಳಿಗೂ ಇದನ್ನು ಹಬ್ಬಿಸಬೇಕಂತೆ. ಕ್ವೀನ್ಸಿನವರು ರಜೆ ಮುಂದುವರಿಸಲು ಒಪ್ಪಿದ್ದಾರೆ. ನಿಮ್ಮ ಉತ್ತರ ಬರುವವರೆಗೆ ಕಾಯಿರಿ ಎಂದಿದ್ದೇನೆ. ನೀವು ಏನು ಬರೆಯುತ್ತೀರೋ ಹಾಗೆ ಮಾಡುತ್ತೇನೆ.

ಜಯಂತಿ

*

ಹಿಕ್ಸ್‌ವಿಲ್
೧೩ ಜೂನ್ ೨೦೦೯

ಪ್ರೀತಿಯ ಜಯಂತಿ,

ಇರು. ಅಲ್ಲಿ ನಿನ್ನ ಅಗತ್ಯ ಹೆಚ್ಚು. ಆ ಹುಡುಗಿಯ ವಿಷಯ ಓದಿದ ಮೇಲೆ ನಾನು ಬೇರೆ ಏನನ್ನು ಬರೆಯಲಿ?

ನನ್ನ ಚಿಂತೆ ಬೇಡ. ಸೀಕಾಕಸ್‌ನಲ್ಲಿ ಒಂದು ಗೋದಾಮಿನಲ್ಲಿ ಕೆಲಸ ಸಿಕ್ಕಿದೆ, ಸಾಮಾನು ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ನೋಡುವ ಪ್ರೋಗ್ರಾಮು. ಬ್ಯಾಂಕಿನಷ್ಟು ದೊಡ್ಡದಲ್ಲ, ಆದರೆ ಕೆಲಸ. ಎರಡು ರೈಲು ಬದಲಾಯಿಸಬೇಕು. ಮನೆಗೆ ಬರುವಾಗ ಕತ್ತಲಾಗುತ್ತದೆ. ಮಟಾಂಬೆಯ ಕೆಲಸವನ್ನು ಶನಿವಾರ, ಭಾನುವಾರ ಮಾಡುತ್ತೇನೆ. ಅವರ ಭಾಷೆಯಲ್ಲೇ ಎಲ್ಲ ಪರದೆಗಳನ್ನೂ ಮಾಡೋಣ ಎಂದಿದ್ದೇನೆ, ಪದಗಳನ್ನು ಫಿರಿ ಕಳಿಸಲಿ.

ಆಗಸ್ಟಿನಲ್ಲಿ ಅನುಷ್ಕಾಳನ್ನು ಕಳಿಸುತ್ತೇನೆ. ನಿನಗೆ ಏನು ಬೇಕು ಎಂದು ಬರೆ.

ರಘುರಾಮ

*

ಮಟಾಂಬೆ
೧೫ ನವೆಂಬರ್ ೨೦೦೯

ನಿಮಗೆ,

ಜುಲೈಯಿಂದ ನಾನು ನಿಮಗೆ ಬರೆದದ್ದೆಲ್ಲ ಪೆನ್ ಡ್ರೈವಿನ ಜೊತೆಗಿನ ಚೀಟಿ. ನೀವೂ ಹಾಗೆಯೇ. ನನ್ನದು ‘ಪದ ಸೇರಿಸಿ’, ‘ಅಕ್ಷರ ದೊಡ್ಡದು ಮಾಡಿ’, ನಿಮ್ಮದು ‘ಮಾಡಿದ್ದೇನೆ’. ಇಷ್ಟೇ. ಮತ್ತೆ ಹಳೆಯ ಹಿಕ್ಸ್‌ವಿಲ್ಲಿಗೆ ಬಂದು ಮುಟ್ಟಿದೆವು ಎಂದು ಬೇಸರವಾಯಿತು. ಇವತ್ತು ಭಾನುವಾರ. ಕೂತು ಬರೆಯುತ್ತೇನೆ.

ಜೂನಿನ ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ. ಇರು ಎಂದು ಬರೆದಿದ್ದಿರಿ. ಅದರ ಹಿಂದೆಯೋ ಮುಂದೆಯೋ ಇನ್ನೊಂದು ಮಾತು ಇದೆಯೇ ಎಂದು ಹುಡುಕಿದೆ. ಸಿಗಲಿಲ್ಲ. ಒಬ್ಬರೇ ಇದ್ದು ಅಭ್ಯಾಸವಾಗಿದೆ, ನಾನು ಈಗ ಬಂದರೂ ಬಾರದಿದ್ದರೂ ಒಂದೇ ಎಂದುಕೊಂಡೆ. ಸರಿ ಎಂದು ಇನ್ನೊಂದು ವರ್ಷಕ್ಕೆ ಸಹಿ ಹಾಕಿದೆ.

ಆಗಸ್ಟಿನಲ್ಲಿ ಅನುಷ್ಕಾ ಬಂದಳು. ಫಿರಿಯ ಪಕ್ಕ ಕೂತು ಗಂಟೆ ಕಾದಳು, ಎಸ್ತೆಲೆಯ ಮಗುವನ್ನು ಬೆನ್ನಿಗೆ ಕಟ್ಟಿಸಿಕೊಂಡು ತಿರುಗಿದಳು. ಹೊರಡುವ ಹಿಂದಿನ ದಿನ ನಾನು ಕೇಳಿದೆ, ನಿನ್ನ ಅಪ್ಪ ನನ್ನ ಬಗ್ಗೆ ಏನಾದರೂ ಹೇಳುತ್ತಾರೆಯೇ ಎಂದು. ಅವಳು ‘ಹೀ ವೋಂಟ್ ಆಸ್ಕ್, ಅಮ್ಮ. ಹೀ ಜಸ್ಟ್ ವೇಟ್ಸ್’ ಅಂದಳು. ನೀವು ಅಡುಗೆಮನೆಯಲ್ಲಿ ನಿಂತುಕೊಂಡೇ ಊಟ ಮಾಡುತ್ತೀರಂತೆ. ಮೇಜಿಗೆ ಹೋಗುವುದೇ ಇಲ್ಲವಂತೆ.

ಮೊನ್ನೆ ಇನ್ನೊಂದು ನಡೆಯಿತು. ಮಧ್ಯಾಹ್ನ ಗಂಟೆ ಬಾರಿಸಿತು. ನಾನು ಕೈ ತೊಳೆದು ಆಫೀಸಿಗೆ ಹೋಗುವಷ್ಟರಲ್ಲಿ ಫಿರಿ ಓದಿ, ಉತ್ತರ ಕಳಿಸಿ, ಜೀಪಿನವನಿಗೆ ದಾರಿ ಹೇಳಿ ಆಗಿತ್ತು. ಹೊಸ ಸೂಲಗಿತ್ತಿ ನರ್ಸು ಹಾಸಿಗೆ ಸಿದ್ಧ ಮಾಡುತ್ತಿದ್ದಳು. ಯಾರೂ ನನ್ನ ಮುಖ ನೋಡಲಿಲ್ಲ. ಈಗ ಪಕ್ಕದ ಹಳ್ಳಿಗಳವರಿಗೆ ಕಲಿಸುವವಳೂ ಚಿಫುಂಡೊ. ಜಗಲಿಯ ಮೇಲೆ ಕೂತೆ. ಸಮಾಧಾನವಾಯಿತು, ಜೊತೆಗೇ ನಿಮ್ಮನ್ನು ನೋಡಬೇಕು ಎಂದು ಎಷ್ಟು ಜೋರಾಗಿ ಅನಿಸಿತೆಂದರೆ, ಎದ್ದು ನಿಲ್ಲಬೇಕಾಯಿತು. ಇಷ್ಟು ದಿನ ಕೆಲಸದ ನೆಪದಲ್ಲಿ ಅದನ್ನು ಅದುಮಿ ಇಟ್ಟಿದ್ದೆ.

ಸಹಿ ಹಾಕಿದ ವರ್ಷವನ್ನು ಪೂರ್ತಿ ಮಾಡುವುದಿಲ್ಲ ಎಂದು ಹೇಳಿದ್ದೇನೆ. ಮಳೆಗಾಲ ಮುಗಿಸಿಕೊಟ್ಟು ಏಪ್ರಿಲಿನಲ್ಲಿ ಹೊರಡುತ್ತೇನೆ. ನೀವು ಕರೆಯುತ್ತೀರೆಂದು ಕಾಯುವುದಿಲ್ಲ. ಕರೆದರೂ ಬರುತ್ತೇನೆ, ಕರೆಯದಿದ್ದರೂ ಬರುತ್ತೇನೆ.

ಜಯಂತಿ

*

ಹಿಕ್ಸ್‌ವಿಲ್
೩೦ ಮಾರ್ಚ್ ೨೦೧೦

ಜಯಂತೀ,

ಈ ಕಾಗದ ಮಟಾಂಬೆ ಮುಟ್ಟುವಾಗ ನೀನು ಅಲ್ಲಿರುವುದಿಲ್ಲ. ನಿನ್ನ ವಿಮಾನ ಹದಿನೇಳಕ್ಕೆ. ಅಂಚೆಗೆ ಮೂರು ವಾರ ಬೇಕು. ಫಿರಿ ಒಡೆದು ನೋಡಿದರೂ ಕನ್ನಡ ಓದಲಾರ. ಆ ಧೈರ್ಯದಿಂದ ಬರೆಯುತ್ತಿದ್ದೇನೆ.

ಏಪ್ರಿಲಿನಲ್ಲಿ ಬರುತ್ತೇನೆ ಎಂದು ನೀನು ಬರೆದದ್ದಕ್ಕೆ ನಾನು ಉತ್ತರಿಸಿದ್ದು, ‘ಸಂತೋಷ, ವಿಮಾನದ ವಿವರ ತಿಳಿಸು’ ಎಂದು. ಅದಕ್ಕಿಂತ ಹೆಚ್ಚು ಬರೆಯಲು ಕೈ ಬರಲಿಲ್ಲ. ಜೂನಿನಲ್ಲೂ ಹಾಗೆಯೇ ಆಯಿತು. ಮೂರು ಹಾಳೆಗಳಲ್ಲಿ ‘ಬಾ’ ಎಂದು ಬರೆದು ಮೂರನ್ನೂ ಹರಿದೆ. ಆ ಹದಿನೆಂಟರ ಹುಡುಗಿಯ ಪಕ್ಕದಲ್ಲಿ ನನ್ನ ಒಂಟಿತನವನ್ನು ಇಟ್ಟು ತೂಗಲು ನಾಚಿಕೆಯಾಯಿತು. ನಾಲ್ಕನೆಯದರಲ್ಲಿ ‘ಇರು’ ಎಂದು ಬರೆದು, ಮನಸ್ಸು ಬದಲಾಗುವ ಮೊದಲೇ ಹೋಗಿ ಅಂಚೆಗೆ ಹಾಕಿ ಬಂದೆ. ಅದರಲ್ಲಿ ಇನ್ನೊಂದು ಮಾತನ್ನು ನೀನು ಹುಡುಕಿದೆ ಎಂದು ನವೆಂಬರಿನ ನಿನ್ನ ಕಾಗದದಲ್ಲಿ ಓದಿದಾಗ, ರೈಲಿನಲ್ಲಿದ್ದೆ, ಮುಖ ಕಿಟಕಿಯ ಕಡೆ ತಿರುಗಿಸಿ ಕೂತೆ.

ನಿನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳುತ್ತೇನೆ. ಈ ಚಳಿಗಾಲದಲ್ಲಿ ಒಂದು ಸಂಜೆ ಸೀಕಾಕಸ್ ಸ್ಟೇಷನ್ನಿನಲ್ಲಿ ನಿನ್ನ ಹಾಗೆ ಜಡೆಯನ್ನು ಕೋಟಿನೊಳಗೆ ಸೇರಿಸಿಕೊಂಡ ಒಬ್ಬ ಹೆಂಗಸು ನನ್ನ ಮುಂದೆ ನಡೆಯುತ್ತಿದ್ದಳು. ನೀನಲ್ಲ ಎಂದು ಚೆನ್ನಾಗಿ ಗೊತ್ತಿತ್ತು. ಆದರೂ ಅವಳು ಇಳಿದ ಪ್ಲಾಟ್‌ಫಾರಮ್ಮಿಗೇ ಇಳಿದೆ, ಅವಳು ಹತ್ತಿದ ರೈಲನ್ನೇ ಹತ್ತಿದೆ. ಎರಡು ಸ್ಟೇಷನ್ ಆ ಜಡೆಯ ಹಿಂದೆ ಕೂತು ಹೋದೆ. ನಮ್ಮ ಮನೆಯ ದಿಕ್ಕೂ ಅದಲ್ಲ. ಅವಳು ಇಳಿದಳು. ನಾನ್ಯಾರೆಂದು ಅವಳಿಗೆ ತಿಳಿಯಲೂ ಇಲ್ಲ. ನಾನು ಇಳಿದು, ಎದುರಿನ ರೈಲು ಹತ್ತಿ ವಾಪಸು ಬಂದೆ. ಐವತ್ತಮೂರು ವರ್ಷದವನು ಮಾಡುವ ಕೆಲಸವಲ್ಲ.

ಒಂದೂವರೆ ವರ್ಷ ಅಲ್ಲಿಯ ಸಂದೇಶಗಳನ್ನು ಓದಿದ್ದೇನೆ. ಪ್ರತಿ ಜೀಪು ಹೊರಟಾಗ, ಆಸ್ಪತ್ರೆಯ ಬಾಗಿಲಲ್ಲಿ ನಿನ್ನ ಕೈ ಇರುತ್ತದೆ ಎಂದು ನೆನೆಯುತ್ತಿದ್ದೆ. ಆ ಪ್ರೋಗ್ರಾಮನ್ನು ಒಂದೊಂದು ಸಲ ಚೆನ್ನಾಗಿ ಮಾಡಿದಾಗಲೂ ಅದು ನಿನ್ನನ್ನು ಅಲ್ಲೇ ಹಿಡಿದಿಡುತ್ತಿತ್ತು. ಗೊತ್ತಿದ್ದೂ ಮಾಡಿದೆ, ಮಾಡಿದ್ದಕ್ಕೆ ವಿಷಾದವಿಲ್ಲ. ಆದರೆ ಸುಲಭವಾಗಿರಲಿಲ್ಲ ಎಂದು ಒಬ್ಬರಿಗಾದರೂ ಹೇಳಬೇಕಿತ್ತು.

ಏರ್‌ಪೋರ್ಟಿಗೆ ಬರುತ್ತೇನೆ. ನನ್ನನ್ನು ನೀನು ಬಲ್ಲೆ. ದಾರಿಯ ಟ್ರಾಫಿಕ್ಕಿನ ಬಗ್ಗೆ, ನಿನ್ನ ಸೂಟ್‌ಕೇಸಿನ ತೂಕದ ಬಗ್ಗೆ ಮಾತಾಡುತ್ತ ಡ್ರೈವ್ ಮಾಡುತ್ತೇನೆ. ಇದರಲ್ಲಿ ಬರೆದ ಒಂದು ಮಾತೂ ಬಾಯಿಗೆ ಬರುವುದಿಲ್ಲ. ನೀನು ಓದದ ಕಾಗದದಲ್ಲಿ ಮಾತ್ರ ಬರೆಯಲು ಆಗುವ ಮಾತು ಇದು.

ಬಾ. ನೀನಿಲ್ಲದೆ ನನಗೆ ಆಗುವುದಿಲ್ಲ.

ರಘು

*

ಮಟಾಂಬೆ
೨೨ ಏಪ್ರಿಲ್ ೨೦೧೦

ನನ್ನವರಿಗೆ,

ಐಸ್‌ಲ್ಯಾಂಡಿನ ಬೆಂಕಿಬೆಟ್ಟದ ಬೂದಿಗೆ ಯುರೋಪಿನ ವಿಮಾನಗಳೆಲ್ಲ ನಿಂತದ್ದನ್ನು ನೀವು ಟಿವಿಯಲ್ಲಿ ನೋಡಿದಿರಿ. ವಿಮಾನ ರದ್ದಾಯಿತೆಂದು ನಾನು ಕಳಿಸಿದ ಸಂದೇಶಕ್ಕೆ ‘ಓಕೆ’ ಎಂದು ಉತ್ತರಿಸಿದಿರಿ. ಎರಡು ದಿನ ಏರ್‌ಪೋರ್ಟಿನಲ್ಲಿ ಕೂತು, ಬೇರೆ ದಾರಿಯಿಲ್ಲದೆ ಮಿಷನ್ನಿನ ಜೀಪಿನಲ್ಲೇ ಮಟಾಂಬೆಗೆ ಮರಳಿದೆ. ಫಿರಿ ನಗುತ್ತ ಬಂದ. ‘ಅಂಚೆ ಬಂದಿದೆ, ನಿಮ್ಮ ಊರಿಗೆ ವಾಪಸು ಕಳಿಸಬೇಕೆಂದಿದ್ದೆ’ ಎಂದು ನಿಮ್ಮ ಕಾಗದವನ್ನು ಕೈಗಿಟ್ಟ.

ಓದಿದೆ.

ಎಲ್ಲಿ ಕೂತು ಓದಿದೆ, ಓದಿ ಏನಾದೆ ಎಂದು ಬರೆಯುವುದಿಲ್ಲ. ಚಿಫುಂಡೊ ನೋಡಿ ಊರಿನಿಂದ ಕೆಟ್ಟ ಸುದ್ದಿಯೇ ಎಂದು ಹೆದರಿದಳು. ಅಲ್ಲ, ನನ್ನ ಗಂಡನ ಕಾಗದ ಎಂದೆ. ಏನು ಬರೆದಿದ್ದಾರೆ ಎಂದಳು. ಬಾ ಎಂದಿದ್ದಾರೆ ಎಂದೆ. ಇಷ್ಟು ದೊಡ್ಡ ಕಾಗದದಲ್ಲಿ ಅಷ್ಟೇನಾ ಎಂದಳು.

ಸೋಮವಾರದ ವಿಮಾನದಲ್ಲಿ ಜಾಗ ಸಿಕ್ಕಿದೆ. ಏರ್‌ಪೋರ್ಟಿನಲ್ಲಿ ನಾನು ಈ ಕಾಗದದ ಮಾತೆತ್ತುವುದಿಲ್ಲ, ಏನೂ ಓದದವಳ ಹಾಗೆ ಇರುತ್ತೇನೆ. ನೀವು ಸೂಟ್‌ಕೇಸಿನ ತೂಕದ ಬಗ್ಗೆ ಬೇಕಾದಷ್ಟು ಮಾತಾಡಿ.

ಇದನ್ನು ನಾಳೆ ಅಂಚೆಗೆ ಹಾಕುತ್ತೇನೆ. ನಾನು ಮನೆ ಮುಟ್ಟಿ ಎರಡು ವಾರ ಕಳೆದ ಮೇಲೆ ನಿಮ್ಮ ಕೈ ಸೇರುತ್ತದೆ. ಮೇಲ್‌ಬಾಕ್ಸಿನಿಂದ ತೆಗೆದು, ಅಲ್ಲೇ ಅಂಗಳದಲ್ಲಿ ನಿಂತು ಓದುತ್ತಿರುತ್ತೀರಿ. ನಾನು ಒಳಗೆ ಮೇಜಿನ ಮೇಲೆ ಇಬ್ಬರಿಗೂ ತಟ್ಟೆ ಇಡುತ್ತಿರುತ್ತೇನೆ. ನಿಮಗೆ ಹೇಳಲು ಏನೂ ತೋಚದಿದ್ದರೂ ಪರವಾಗಿಲ್ಲ.

ಓದಿ ಮುಗಿದ ಮೇಲೆ ಒಳಗೆ ಬನ್ನಿ.

ಜಯಂತಿ